ಅಪ್‌ಲೋಡ್ ವೇಗವಿಲ್ಲದೆ ಕನ್ನಡದ ಅಂತರ್ಜಾಲ ಸಮುದಾಯ ಬೆಳೆಯುವುದು ಹೇಗೆ?

ಸಾಗರದ ಓದುಗ

ಕನ್ನಡದ ಅಂತರ್ಜಾಲ ಬೆಳೆದಿದೆ ಎನ್ನುವಾಗಲೆಲ್ಲ ನಾವು ಓದುವವರ ಮತ್ತು ನೋಡುವವರ ಸಂಖ್ಯೆಯನ್ನೇ ಮುಂದಿಡುತ್ತೇವೆ. ಗೂಗಲ್ ಮತ್ತು ಕೆಪಿಎಂಜಿ ಸೇರಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, 2016ರ ಹೊತ್ತಿಗೇ ಭಾರತೀಯ ಭಾಷೆಗಳಲ್ಲಿ ಅಂತರ್ಜಾಲ ಬಳಸುವವರು 23.4 ಕೋಟಿ ಇದ್ದರು. ಇಂಗ್ಲಿಷಿನಲ್ಲಿ ಬಳಸುವವರು 17.5 ಕೋಟಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಮನೆಮನೆಯಲ್ಲೂ ಕನ್ನಡದ ವಿಡಿಯೊ, ಕನ್ನಡದ ಸುದ್ದಿ ಓಡಾಡತೊಡಗಿತು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ನೋಡುವವರು ಎಷ್ಟು ಹೆಚ್ಚಿದರೂ, ಬರೆಯುವವರು, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವವರು, ಊರಿನ ಹಿರಿಯರ ಹಾಡು ಮತ್ತು ಮಾತನ್ನು ಧ್ವನಿಮುದ್ರಿಸಿ ಜಾಲಕ್ಕೆ ಏರಿಸುವವರು ಹೆಚ್ಚದೆ ಸಮುದಾಯ ಬೆಳೆಯಿತು ಎನ್ನಲಾಗದು. ಹಾಗೆ ಏರಿಸುವ ದಾರಿಯನ್ನೇ ನಮ್ಮ ಸೇವಾ ಕಂಪನಿಗಳು ಇಕ್ಕಟ್ಟಾಗಿ ಇಟ್ಟಿವೆ ಎಂಬುದು ನನ್ನ ದೂರು.

ನಮ್ಮದು ಹಕ್ಕುಸ್ವಾಮ್ಯದ ಅವಧಿ ಮುಗಿದ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್, ವಿಕಿಮೀಡಿಯ ಕಾಮನ್ಸ್ ಎಂಬ ಉಚಿತ ಜಾಲಸಂಗ್ರಹಗಳಿಗೆ ಏರಿಸುವ ಚಿಕ್ಕ ಗುಂಪು. ಮುನ್ನೂರು ಪುಟಗಳ ಪುಸ್ತಕವನ್ನು ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ಸ್ಕ್ಯಾನ್ ಮಾಡಿದರೆ ಕಡತ ಸುಲಭವಾಗಿ 500 ಎಂಬಿ ಆಗುತ್ತದೆ. ಅಪ್‌ಲೋಡ್ ವೇಗ 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್; ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ) ಇದ್ದರೆ, ಒಮ್ಮೆಯೂ ಕಡಿಯದೆ ಹೋದರೂ ಒಂದು ಪುಸ್ತಕಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ನಮ್ಮ ಸಂಪರ್ಕದ ಯೋಜನೆಯ ಹೆಸರಿನಲ್ಲಿ 100 ಎಂಬ ಅಂಕಿ ಇದೆ. ಸಂಜೆ ಏಳರಿಂದ ಹತ್ತರವರೆಗೆ, ಅಂದರೆ ನೌಕರಿ ಮುಗಿಸಿ ಬಂದ ಸ್ವಯಂಸೇವಕರಿಗೆ ಬಿಡುವಿರುವ ಹೊತ್ತಿನಲ್ಲಿ, ಅಪ್‌ಲೋಡ್ 2 ಎಂಬಿಪಿಎಸ್ ದಾಟುವುದೇ ಅಪರೂಪ. ನಡುನಡುವೆ ಕಡಿಯುವುದು ಬೇರೆ. ದೂರು ಕೊಟ್ಟರೆ, "ಡೌನ್‌ಲೋಡ್ ಸರಿಯಾಗಿಯೇ ಬರುತ್ತಿದೆಯಲ್ಲ ಸರ್" ಎಂದು ಹೇಳಿ ದೂರನ್ನು ಮುಕ್ತಾಯ ಮಾಡುತ್ತಾರೆ.

ನಮ್ಮ ದೇಶದ ವ್ಯಾಖ್ಯಾನವೇ ಅವರಿಗೆ ಈ ಅವಕಾಶ ಕೊಟ್ಟಿದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಕನಿಷ್ಠ ವೇಗ 256 ಕೆಬಿಪಿಎಸ್ ಇತ್ತು. 2013ರಲ್ಲಿ ಅದು 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್ ಆಯಿತು. ಮೂರು ಸಲವೂ ಲೆಕ್ಕಕ್ಕೆ ತೆಗೆದುಕೊಂಡದ್ದು ಡೌನ್‌ಲೋಡ್ ಮಾತ್ರ. ಅಮೆರಿಕದ ದೂರಸಂಪರ್ಕ ಆಯೋಗವು 2015ರಲ್ಲಿ 25 ಎಂಬಿಪಿಎಸ್ ಡೌನ್‌ಲೋಡ್ ಜೊತೆಗೆ 3 ಎಂಬಿಪಿಎಸ್ ಅಪ್‌ಲೋಡ್ ಎಂದು ಅಳತೆ ಇಟ್ಟಿತು, 2024ರಲ್ಲಿ ಅದನ್ನು 100 ಮತ್ತು 20ಕ್ಕೆ ಏರಿಸಿತು. ಅಂಕಿಗಳು ದೊಡ್ಡವೋ ಚಿಕ್ಕವೋ ಎಂಬುದನ್ನು ಬದಿಗಿಡೋಣ. ಅಲ್ಲಿ ಎರಡನೆಯ ಅಂಕಿ ಎಂಬುದೊಂದು ಇದೆ. ನಮ್ಮಲ್ಲಿ ಅದೂ ಇರಬೇಕೆಂದು ಒಟ್ಟಾಗಿ ಕೇಳಬೇಕೆಂಬುದು ನನ್ನ ಪ್ರಸ್ತಾವ. ಬಲ್ಲವರು ಅಭಿಪ್ರಾಯ ತಿಳಿಸಬೇಕು.

ತಂತಿಕೆಲಸ, ಹುಬ್ಬಳ್ಳಿ

ನಾನು ಈ ವೃತ್ತಿಯಲ್ಲಿಯೇ ಇರುವವನು, ಹಾಗಾಗಿ ತಾಂತ್ರಿಕ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೂರವಾಣಿಯ ತಾಮ್ರದ ತಂತಿಯ ಮೇಲೆ ಎಡಿಎಸ್‌ಎಲ್ ಬರುತ್ತಿದ್ದ ಕಾಲದಲ್ಲಿ ಅಪ್‌ಲೋಡ್ ಕಡಿಮೆ ಇದ್ದದ್ದಕ್ಕೆ ನಿಜವಾದ ಕಾರಣವಿತ್ತು. ಆ ತಂತಿಯಲ್ಲಿ ಬಳಸಬಹುದಾದ ಆವರ್ತನಗಳೇ ಸೀಮಿತ. ಅದರಲ್ಲಿ ದೊಡ್ಡ ಪಾಲನ್ನು ಡೌನ್‌ಲೋಡ್‌ಗೂ ಚಿಕ್ಕ ಪಾಲನ್ನು ಅಪ್‌ಲೋಡ್‌ಗೂ ಕೊಟ್ಟಿದ್ದರು. ಮನೆ ಎಕ್ಸ್‌ಚೇಂಜಿನಿಂದ ಮೂರು ನಾಲ್ಕು ಕಿಲೋಮೀಟರ್ ದೂರವಿದ್ದರೆ ಎರಡೂ ಸೊರಗುತ್ತಿದ್ದವು.

ಫೈಬರ್ ಬಂದ ಮೇಲೆ ಆ ನೆಪ ಉಳಿದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಫೈಬರಿನ ಮೇಲೆ ಕೆಳಮುಖವಾಗಿ ಸುಮಾರು 2.5 ಜಿಬಿಪಿಎಸ್, ಮೇಲ್ಮುಖವಾಗಿ ಸುಮಾರು 1.25 ಜಿಬಿಪಿಎಸ್ ಹೋಗುತ್ತದೆ. ಅದನ್ನು ಸ್ಪ್ಲಿಟರ್ ಇಟ್ಟು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಎಲ್ಲರೂ ಒಂದೇ ಕ್ಷಣದಲ್ಲಿ ಏರಿಸಿದರೂ ಮನೆಗೆ 20 ಎಂಬಿಪಿಎಸ್ ಹತ್ತಿರ ಸಿಗಬೇಕು. ನಿಮಗೆ ಸಂಜೆ ಹೊತ್ತು 2 ಸಿಗುತ್ತಿದೆ ಎಂದರೆ ತೊಂದರೆ ನಿಮ್ಮ ಬೀದಿಯ ಫೈಬರಿನಲ್ಲಿ ಇರುವ ಸಂಭವ ಕಡಿಮೆ. ಊರಿನಿಂದ ಹೊರಗೆ ಹೋಗುವ ಲಿಂಕನ್ನು ಕಂಪನಿ ಸಾಕಷ್ಟು ಕೊಂಡಿಲ್ಲ, ಅಥವಾ ಯೋಜನೆಯಲ್ಲಿಯೇ ಅಪ್‌ಲೋಡನ್ನು ಕೆಳಗೆ ಕಟ್ಟಿಹಾಕಿದ್ದಾರೆ. ಎರಡೂ ಹಣದ ಲೆಕ್ಕಾಚಾರಗಳು.

ಇನ್ನೊಂದು ವಿಷಯ ಚಿಕ್ಕ ಊರುಗಳಿಗೆ ಬಹಳ ಮುಖ್ಯ. ಬಹುಪಾಲು ಕಡೆ ಬಿಲ್ ಕಳಿಸುವವರು ಕಂಪನಿಯವರು, ಕಂಬ ಹತ್ತಿ ರಿಪೇರಿ ಮಾಡುವವರು ಊರಿನ ಕೇಬಲ್‌ನವರು. ಅವರ ನಡುವೆ ಆದಾಯ ಹಂಚಿಕೆಯ ಒಪ್ಪಂದವಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಮನೆಗೆ ಬರುವ ಡ್ರಾಪ್ ಕೇಬಲ್ ತುಂಡಾದಾಗ, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ತಾಲ್ಲೂಕಿಗೆಲ್ಲ ಒಂದೇ ಇರುತ್ತದೆ, ಅದು ಬರುವವರೆಗೆ ಮೋಡೆಮ್ಮಿನಲ್ಲಿ ಕೆಂಪು ದೀಪ ಉರಿಯುತ್ತಿರುತ್ತದೆ. ಗ್ರಾಹಕರು ಕಂಪನಿಗೆ ಫೋನ್ ಮಾಡಿದರೆ ಸ್ಥಳೀಯರನ್ನು ಕೇಳಿ ಎನ್ನುತ್ತಾರೆ, ಸ್ಥಳೀಯರನ್ನು ಕೇಳಿದರೆ ಮೇಲಿನಿಂದಲೇ ಇಲ್ಲ ಎನ್ನುತ್ತಾರೆ. ದಯವಿಟ್ಟು ಕೇಬಲ್‌ನ ಹುಡುಗರ ಮೇಲೆ ಕೋಪ ತೀರಿಸಿಕೊಳ್ಳಬೇಡಿ. ಅವರ ಕೈಯಲ್ಲಿ ಸಲಕರಣೆಯೂ ಇಲ್ಲ, ಅಧಿಕಾರವೂ ಇಲ್ಲ.

ಕರಾವಳಿಯ ಸಂಪಾದಕಿ

ವೇಗದ ಜೊತೆಗೆ ಇನ್ನೊಂದು ಅಡ್ಡಿಯನ್ನೂ ಪಟ್ಟಿಗೆ ಸೇರಿಸಬೇಕು, ಏಕೆಂದರೆ ಹೊಸಬರು ಸಮುದಾಯದ ಬಾಗಿಲಲ್ಲೇ ಮರಳಿ ಹೋಗುವುದು ಅದರಿಂದ.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ತುಳು ವಿಕಿಪೀಡಿಯ ಹಲವು ವರ್ಷ ಇನ್‌ಕ್ಯುಬೇಟರಿನಲ್ಲಿ, ಅಂದರೆ ಹೊಸ ಭಾಷೆಗಳ ಪ್ರಯೋಗ ತಾಣದಲ್ಲಿ, ಇದ್ದು 2016ರಲ್ಲಿ ಸ್ವತಂತ್ರ ತಾಣವಾಯಿತು. ಎರಡೂ ಬೆಳೆದದ್ದರಲ್ಲಿ ಕಾಲೇಜುಗಳ ಕಾರ್ಯಾಗಾರಗಳ ಪಾತ್ರ ದೊಡ್ಡದು. ಕಾರ್ಯಾಗಾರದಲ್ಲಿ ಮೂವತ್ತು ವಿದ್ಯಾರ್ಥಿಗಳು ಕೂತು ಒಟ್ಟಿಗೆ ಖಾತೆ ತೆರೆಯಲು ಹೊರಡುತ್ತಾರೆ. ಒಂದು ಐಪಿ ವಿಳಾಸದಿಂದ (ಜಾಲದಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆ) ದಿನಕ್ಕೆ ಆರು ಖಾತೆಗಳನ್ನಷ್ಟೇ ತೆರೆಯಬಹುದೆಂದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಮಿತಿ ಇಟ್ಟಿದೆ, ಕಿಡಿಗೇಡಿಗಳನ್ನು ತಡೆಯಲು ಅದು ಬೇಕೇ ಬೇಕು. ಮುಂಚಿತವಾಗಿ ಐಪಿ ವಿಳಾಸ ಮತ್ತು ದಿನಾಂಕ ತಿಳಿಸಿ ವಿನಾಯಿತಿ ಕೇಳಬಹುದು. ಆದರೆ ನಮ್ಮ ಸೇವಾ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತವೆ, ಆ ವಿಳಾಸವೂ ಆಗಾಗ ಬದಲಾಗುತ್ತದೆ. ಕಾರ್ಯಾಗಾರದ ದಿನ ನಮ್ಮ ವಿಳಾಸ ಯಾವುದಾಗಿರುತ್ತದೆ ಎಂದು ಕಂಪನಿಯನ್ನು ಕೇಳಿದರೆ ಉತ್ತರ ಹೇಳುವವರೇ ಇಲ್ಲ. ಅದೇ ವಿಳಾಸದ ಹಿಂದಿರುವ ಯಾರೋ ಅಪರಿಚಿತರು ಲೇಖನ ಕೆಡಿಸಿ ನಿಷೇಧಕ್ಕೊಳಗಾಗಿದ್ದರೆ, ಮೊದಲ ಸಲ ಸಂಪಾದಿಸಲು ಬಂದ ವಿದ್ಯಾರ್ಥಿನಿಗೆ ಕಾಣುವುದು "ನಿಮ್ಮನ್ನು ತಡೆಹಿಡಿಯಲಾಗಿದೆ" ಎಂಬ ಸಂದೇಶ. ಆ ಹುಡುಗಿ ಎರಡನೆಯ ಸಲ ಬರುವುದಿಲ್ಲ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ, ಪ್ರತಿ ಸಲವೂ ಬೇಸರವಾಗುತ್ತದೆ.

ಅನುಭವಿ ಸಂಪಾದಕರಿಗೆ ಖಾತೆ ರಚಿಸಿಕೊಡುವ ಹಕ್ಕು ಕೊಟ್ಟರೆ ಆರರ ಮಿತಿ ಅವರಿಗೆ ಅನ್ವಯಿಸುವುದಿಲ್ಲ, ಕಾರ್ಯಾಗಾರ ನಡೆಸುವವರು ಇದನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಇನ್ನೂ ಹೆಚ್ಚು ವಿಳಾಸಗಳಿರುವ ಹೊಸ ಪದ್ಧತಿಯಾದ ಐಪಿವಿ6 ಎಲ್ಲ ಕಡೆ ಬಂದರೆ ವಿಳಾಸಗಳ ಕೊರತೆ ತಾನಾಗಿ ತೀರುತ್ತದೆ. ಮೊಬೈಲ್ ಜಾಲಗಳಲ್ಲಿ ನಮ್ಮ ದೇಶ ಈ ವಿಷಯದಲ್ಲಿ ಮುಂದಿದೆ, ಸಣ್ಣ ಊರುಗಳ ತಂತಿ ಸಂಪರ್ಕಗಳು ಹಿಂದುಳಿದಿವೆ.

ಹೊಸನಗರ ಕಡೆಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಚರ್ಚೆ ಫೈಬರ್ ಇದ್ದವರ ಸುತ್ತಲೇ ತಿರುಗುತ್ತಿದೆ. ಶರಾವತಿ ಹಿನ್ನೀರಿನ ಈಚೆ ದಡದಲ್ಲಿ ಎರಡು ಮನೆಗಳ ನಡುವೆ ಒಂದು ಗುಡ್ಡ ಇರುತ್ತದೆ. ಅಲ್ಲಿಗೆ ತಂತಿ ಎಳೆಯಲು ಯಾವ ಕಂಪನಿಯೂ ಬರುವುದಿಲ್ಲ. ಇರುವುದು ಮೊಬೈಲ್ ಟವರ್ ಒಂದೇ, ಅದೂ ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಬ್ಯಾಟರಿ ಮುಗಿದು ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಹೇಗಿರುತ್ತದೆ ಎಂಬುದು ಮಲೆನಾಡಿನವರಿಗೆ ಗೊತ್ತು.

2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು 2021ರಲ್ಲಿ ದೇಶವೇ ನೋಡಿತು. ಕೊಡಗಿನಲ್ಲಿ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದ ಪಾಠ ಮಾಡಿದರು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ "ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ" ಎಂಬ ಅಭಿಯಾನ ನಡೆಯಿತು. ಪಾಠ ಮಾಡುವವನ ಕಡೆಯಿಂದ ನೋಡಿದರೆ ನಮಗೆ ಬೇಕಿದ್ದದ್ದೂ ಅಪ್‌ಲೋಡೇ. ನನ್ನ ಧ್ವನಿ ಮಕ್ಕಳಿಗೆ ತಲುಪುತ್ತಿರಲಿಲ್ಲ, ಅವರ ಪ್ರಶ್ನೆ ನನಗೆ ತಲುಪುತ್ತಿರಲಿಲ್ಲ, ರೆಕಾರ್ಡ್ ಮಾಡಿದ ಪಾಠ ಮಾತ್ರ ಹೇಗೋ ಇಳಿಯುತ್ತಿತ್ತು. ಹಾಗಾಗಿ ಸಾಗರದ ಓದುಗರು ಎತ್ತಿದ ವಿಷಯಕ್ಕೆ ನನ್ನ ಪೂರ್ಣ ಸಹಮತವಿದೆ, ಆದರೆ ಬೇಡಿಕೆಯಲ್ಲಿ ಮೊಬೈಲ್ ಜಾಲವನ್ನು ಬಿಡಬೇಡಿ.

ಒಂದು ಮಾತು ನಮ್ಮವರಿಗೂ ಹೇಳಬೇಕು. ಡೇಟಾ ಅಗ್ಗವಾದ ಮೇಲೆ ಬಂದ ಜನರಲ್ಲಿ ಬಹುಪಾಲು ವಾಟ್ಸ್‌ಆ್ಯಪ್ ಗುಂಪುಗಳ ಒಳಗೇ ಉಳಿದರು. ನಮ್ಮ ತಾಲ್ಲೂಕಿನ ಇತಿಹಾಸ, ಅಡಿಕೆಯ ಕೊಳೆರೋಗಕ್ಕೆ ರೈತರು ಕಂಡುಕೊಂಡ ಉಪಾಯ, ಯಕ್ಷಗಾನದ ಹಳೆಯ ಫೋಟೊ ಎಲ್ಲವೂ ಅಲ್ಲಿವೆ, ಯಾರೂ ಹುಡುಕಿ ತೆಗೆಯಲಾರರು, ಫೋನ್ ಹಾಳಾದ ದಿನ ಅವೂ ಹೋಗುತ್ತವೆ. ಇದಕ್ಕೆ ಕಂಪನಿಗಳನ್ನು ದೂರುವಂತಿಲ್ಲ.

ತಂತಿಕೆಲಸ, ಹುಬ್ಬಳ್ಳಿ

ಮೇಷ್ಟ್ರೇ, ನಿಮ್ಮ ಕೊನೆಯ ಮಾತಿಗೆ ಭಾಗಶಃ ಮಾತ್ರ ಒಪ್ಪುತ್ತೇನೆ. 4ಜಿಯ ಕೆಲವು ತರಂಗಗುಚ್ಛಗಳಲ್ಲಿ ಅಪ್‌ಲೋಡ್ ಮತ್ತು ಡೌನ್‌ಲೋಡ್ ಎರಡಕ್ಕೂ ಒಂದೇ ಆವರ್ತನವನ್ನು ಕಾಲ ಹಂಚಿ ಬಳಸುತ್ತಾರೆ, ಉದಾಹರಣೆಗೆ 2300 ಮೆಗಾಹರ್ಟ್ಸ್. ಆ ಹಂಚಿಕೆಯಲ್ಲಿ ಹೆಚ್ಚಿನ ಪಾಲು ಡೌನ್‌ಲೋಡ್‌ಗೆ ಹೋಗುತ್ತದೆ. ಜೊತೆಗೆ ಟವರಿನ ಶಕ್ತಿ ದೊಡ್ಡದು, ಫೋನಿನ ಶಕ್ತಿ ಚಿಕ್ಕದು. ಗುಡ್ಡದ ಹಿಂದಿನ ಮನೆಗೆ ಟವರಿನ ಮಾತು ಕೇಳಿಸಿದರೂ ಫೋನಿನ ಮಾತು ಟವರಿಗೆ ಕೇಳಿಸುವುದಿಲ್ಲ. ಚಿಕ್ಕದಾಗಿ ಕುಗ್ಗಿಸಿದ ಫೋಟೊ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತದೆ, ಮೂಲ ಗಾತ್ರದ ಫೋಟೊ ಬೇರೆಲ್ಲಿಗೂ ಏರುವುದಿಲ್ಲ. ಜನ ಗುಂಪುಗಳ ಒಳಗೆ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಲ್ಯಾಂಕಾಸ್ಟರಿನಲ್ಲಿರುವ ಧಾರವಾಡದವನು

ನಾನಿರುವ ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ ಹಳ್ಳಿಗಳಿಗೂ ದೊಡ್ಡ ಕಂಪನಿಗಳು ಫೈಬರ್ ಎಳೆಯಲು ಬರಲಿಲ್ಲ. 2011ರಲ್ಲಿ ಅಲ್ಲಿನ ಜನ ಬಿ4ಆರ್‌ಎನ್ ಎಂಬ ಸಂಸ್ಥೆಯನ್ನು ತಾವೇ ಕಟ್ಟಿದರು. ಊರಿನವರು ಷೇರು ಕೊಂಡು ಬಂಡವಾಳ ಹಾಕಿದರು, ರೈತರು ತಮ್ಮ ಹೊಲಗಳಲ್ಲಿ ಫೈಬರ್ ಹಾಯಲು ಹಣ ಕೇಳದೆ ದಾರಿ ಬಿಟ್ಟರು, ಸ್ವಯಂಸೇವಕರು ಕಾಲುವೆ ತೋಡಿದರು. ಇವತ್ತು ಅಲ್ಲಿನ ದನದ ಕೊಟ್ಟಿಗೆಯ ಪಕ್ಕದ ಮನೆಗೂ 1 ಜಿಬಿಪಿಎಸ್ ಬರುತ್ತದೆ, ಅಪ್‌ಲೋಡೂ ಅಷ್ಟೇ. ಈ ಸಂಸ್ಥೆ ಅಪ್‌ಲೋಡಿಗೆ ಮೊದಲಿನಿಂದಲೂ ಸಮಾನ ಸ್ಥಾನ ಕೊಟ್ಟಿತು, ಏಕೆಂದರೆ ಅದನ್ನು ಕಟ್ಟಿದವರೇ ಅದರ ಬಳಕೆದಾರರು. ಸಹಕಾರ ಸಂಘಗಳ ಪರಂಪರೆ ನಮ್ಮ ಉತ್ತರ ಕನ್ನಡ, ಶಿವಮೊಗ್ಗ, ದಕ್ಷಿಣ ಕನ್ನಡದಲ್ಲಿ ಇದಕ್ಕಿಂತ ಬಲವಾಗಿದೆ. ಅಡಿಕೆಗೂ ಹಾಲಿಗೂ ಸಂಘ ಕಟ್ಟಿದವರು ಅಂತರ್ಜಾಲಕ್ಕೂ ಕಟ್ಟಬಹುದಲ್ಲವೇ?

ತಂತಿಕೆಲಸ, ಹುಬ್ಬಳ್ಳಿ

ಆಸೆ ಒಳ್ಳೆಯದು ಸರ್. ಆದರೆ ಇಲ್ಲಿ ಪರವಾನಗಿ, ವಿದ್ಯುತ್ ಕಂಬಗಳ ಬಾಡಿಗೆ, ಅರಣ್ಯ ಇಲಾಖೆಯ ಅನುಮತಿ ಎಲ್ಲ ಸೇರಿ ಸಂಘವೊಂದಕ್ಕೆ ಕಷ್ಟ. ಹೊಲದಲ್ಲಿ ದಾರಿ ಸಿಗಬಹುದು, ನಮ್ಮ ಹಳ್ಳಿಗಳ ನಡುವೆ ಇರುವುದು ಮೀಸಲು ಅರಣ್ಯ. ಕಡಿಮೆ ತೊಡಕಿನ ದಾರಿ ಎಂದರೆ ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ ವಾಣಿ ಯೋಜನೆ. ಅದರಲ್ಲಿ ಕಿರಾಣಿ ಅಂಗಡಿಯವರೂ ಪರವಾನಗಿ ಇಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ತುಮಕೂರು ಬಳಿಯ ದೇವರಾಯನದುರ್ಗದಲ್ಲಿ ಜನಸ್ತು ಸಂಸ್ಥೆಯವರು ಮನೆಯಿಂದ ಮನೆಗೆ ಹಾಯುವ ಸಮುದಾಯ ವೈಫೈ ಜಾಲವನ್ನು ನಡೆಸಿದ್ದಾರೆ. ಊರಿನವರ ಧ್ವನಿಮುದ್ರಣಗಳು ಹೊರಗಿನ ಸಂಪರ್ಕ ಇಲ್ಲದಾಗಲೂ ಊರೊಳಗೆ ಸಿಗಬೇಕು ಎಂಬುದು ಅಂಥ ಜಾಲದ ಹಿಂದಿರುವ ಯೋಚನೆ. ಮೊದಲು ನೋಡಬೇಕಾದದ್ದು ಅಂಥದ್ದನ್ನು.

ಗ್ರಾಹಕರ ಪರ, ಮೈಸೂರು

ಬೇಡಿಕೆ ಒಂದು ಕಡೆ ನಡೆಯಲಿ. ಈಗಿರುವ ಹಕ್ಕುಗಳನ್ನೇ ನಮ್ಮವರು ಬಳಸುತ್ತಿಲ್ಲ ಎಂಬುದು ನನ್ನ ಚಿಂತೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದೂರನ್ನು ಮೌಖಿಕವಾಗಿ, ಕೇಬಲ್‌ನವರಿಗೆ ಹೇಳಿ ಬಿಡಬೇಡಿ. ಕಂಪನಿಯ ದೂರು ಕೇಂದ್ರದಲ್ಲಿಯೇ ದಾಖಲಿಸಿ, ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಹೊರಡಿಸಿದ ದೂರು ಪರಿಹಾರ ನಿಯಮಾವಳಿಯಂತೆ, ಪರಿಹಾರ ತೃಪ್ತಿಕರವಲ್ಲದಿದ್ದರೆ ಅಥವಾ ಅವಧಿ ಮುಗಿದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ಅವರು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ಓದುಗರ ದೂರನ್ನು "ಮುಕ್ತಾಯ" ಎಂದು ಬರೆದು ಮುಚ್ಚಿದ್ದಾರಲ್ಲ, ಮೇಲ್ಮನವಿಯ ಗಡಿಯಾರ ಅಲ್ಲಿಂದಲೇ ಶುರುವಾಗುತ್ತದೆ.

ಸಂಪರ್ಕ ಪೂರ್ತಿ ಕಡಿದಾಗ ಬಾಡಿಗೆ ವಾಪಸಾತಿಯ ನಿಯಮವಿದೆ. 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮಾವಳಿಯಲ್ಲಿ, ಮೂರು ಕೆಲಸದ ದಿನಗಳ ನಂತರವೂ ರಿಪೇರಿಯಾಗದಿದ್ದರೆ 7 ದಿನಗಳ, ಏಳು ದಿನ ದಾಟಿದರೆ 15 ದಿನಗಳ, ಹದಿನೈದು ದಾಟಿದರೆ ಒಂದು ತಿಂಗಳ ಕನಿಷ್ಠ ಶುಲ್ಕ ಕಡಿತ ಮಾಡಬೇಕೆಂದು ಇತ್ತು. 2024ರ ಅಕ್ಟೋಬರ್ 1ರಿಂದ ಜಾರಿಯಾದ ಹೊಸ ನಿಯಮಾವಳಿ ತಂತಿ ಮತ್ತು ಮೊಬೈಲ್ ಎರಡನ್ನೂ ಒಂದೇ ಕಡೆ ತಂದಿದೆ. ದೂರು ಬರೆಯುವ ಮೊದಲು ಅದನ್ನು ಟ್ರಾಯ್ ತಾಣದಲ್ಲಿ ಓದಿಕೊಳ್ಳಿ.

ಬಹಳ ಮಂದಿಗೆ ಗೊತ್ತಿಲ್ಲದ ವಿಷಯವೊಂದಿದೆ. 2009ರ ಸುಪ್ರೀಂ ಕೋರ್ಟ್ ತೀರ್ಪೊಂದರಿಂದಾಗಿ ದೂರವಾಣಿ ವ್ಯಾಜ್ಯಗಳನ್ನು ಗ್ರಾಹಕ ವೇದಿಕೆಗಳು ಕೈಗೆತ್ತಿಕೊಳ್ಳಲು ಹಿಂಜರಿಯುತ್ತಿದ್ದವು. 2022ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಆ ಸಂದೇಹವನ್ನು ನಿವಾರಿಸಿ, ಗ್ರಾಹಕ ಆಯೋಗಗಳಿಗೆ ಈ ದೂರುಗಳನ್ನು ಕೇಳುವ ಅಧಿಕಾರವಿದೆ ಎಂದು ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ನೋಂದಾಯಿಸಿದರೆ ಕೆಲವು ಕಂಪನಿಗಳು ಅಲ್ಲಿಯೇ ಎಚ್ಚೆತ್ತುಕೊಳ್ಳುತ್ತವೆ.

ಬ್ರಾಡ್‌ಬ್ಯಾಂಡ್ ವ್ಯಾಖ್ಯಾನದಲ್ಲಿ ಅಪ್‌ಲೋಡ್ ಇಲ್ಲದಿದ್ದರೂ, ಯೋಜನೆಯ ಜಾಹೀರಾತಿನಲ್ಲಿ ಎರಡೂ ಕಡೆ ಒಂದೇ ವೇಗ ಎಂದು ಹೇಳಿದ್ದರೆ ಅದು ಸೇವೆಯಲ್ಲಿನ ಕೊರತೆ ಎಂದು ವಾದಿಸಬಹುದು. ಜಾಹೀರಾತಿನ ಪುಟವನ್ನು ಚಂದಾದಾರರಾದ ದಿನವೇ ಉಳಿಸಿಟ್ಟುಕೊಳ್ಳಿ.

ಕರಾವಳಿಯ ಸಂಪಾದಕಿ

ಮೇಷ್ಟ್ರು ಹೇಳಿದ ಹಳ್ಳಿಗಳಿಗೆ ಇನ್ನೊಂದು ದಾರಿ ತೋಚುತ್ತದೆ. 2011ರಲ್ಲಿ ಒಪ್ಪಿಗೆ ಪಡೆದು ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಯ ಗುರಿಯೇ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳಾಗಿ ಮಾಡಿ, ಹಲವೆಡೆ ಕಂಪ್ಯೂಟರುಗಳನ್ನೂ ಕೊಟ್ಟಿದ್ದಾರೆ. ಫೈಬರ್ ನಿಜವಾಗಿ ಕೆಲಸ ಮಾಡುತ್ತಿರುವ ಪಂಚಾಯಿತಿಯಲ್ಲಿ, ವಾರಕ್ಕೊಮ್ಮೆ ಅರಿವು ಕೇಂದ್ರದಿಂದ ಕಡತಗಳನ್ನು ಏರಿಸಲು ಅವಕಾಶ ಕೇಳಬಹುದು. ಮನೆಯಲ್ಲಿ ಸ್ಕ್ಯಾನ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು, ಅಲ್ಲಿಂದ ಕಳಿಸುವುದು. ಇದು ಮನೆಯ ಸಂಪರ್ಕಕ್ಕೆ ಬದಲಿ ವ್ಯವಸ್ಥೆಯಾಗಲಾರದು, ಆದರೆ ಈ ಮಳೆಗಾಲದಲ್ಲಿಯೇ ಶುರು ಮಾಡಬಹುದಾದ ಕೆಲಸ.

ಹೊಸನಗರ ಕಡೆಯ ಮೇಷ್ಟ್ರು

ನಮ್ಮ ಪಂಚಾಯಿತಿಯಲ್ಲಿ ಪೆಟ್ಟಿಗೆ ಇದೆ, ದೀಪ ಉರಿಯುವುದಿಲ್ಲ. ರಸ್ತೆ ಅಗಲ ಮಾಡುವಾಗ ಕೇಬಲ್ ಕತ್ತರಿಸಿದ್ದಾರೆ. ಗ್ರಾಮಸಭೆಯಲ್ಲಿ ಇದನ್ನು ಎತ್ತಿ ನಡಾವಳಿಯಲ್ಲಿ ಬರೆಸುತ್ತೇನೆ. ಪಕ್ಕದ ಪಂಚಾಯಿತಿಯಲ್ಲಿ ಸರಿಯಾಗಿದೆ ಎಂದು ಅಲ್ಲಿನ ಗ್ರಂಥಪಾಲಕರು ಹೇಳಿದ್ದಾರೆ, ಮೇಡಂ ಹೇಳಿದ ಹಾಗೆ ಅಲ್ಲಿಂದ ಆರಂಭಿಸೋಣ.

ಸಾಗರದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಟ್ರಾಯ್‌ಗೂ ದೂರಸಂಪರ್ಕ ಇಲಾಖೆಗೂ ಕಳಿಸುವ ಮನವಿಯಲ್ಲಿ ಈ ಅಂಶಗಳನ್ನು ಸೇರಿಸುತ್ತಿದ್ದೇನೆ: ಬ್ರಾಡ್‌ಬ್ಯಾಂಡ್ ವ್ಯಾಖ್ಯಾನದಲ್ಲಿ ಕನಿಷ್ಠ ಅಪ್‌ಲೋಡ್ ವೇಗವನ್ನು, ತಂತಿಗೂ ಮೊಬೈಲಿಗೂ ಬೇರೆಬೇರೆಯಾಗಿ, ಸೇರಿಸಬೇಕು; ಜಾಹೀರಾತಿನಲ್ಲಿ ಸಂಜೆಯ ದಟ್ಟಣೆಯ ಹೊತ್ತಿನ ಅಪ್‌ಲೋಡ್ ವೇಗವನ್ನೂ ತೋರಿಸಬೇಕು; ಸ್ಥಳೀಯ ಕೇಬಲ್ ನಿರ್ವಾಹಕರ ಮೂಲಕ ಸೇವೆ ಕೊಟ್ಟರೂ ರಿಪೇರಿಯ ಹೊಣೆ ಕಂಪನಿಯದೇ ಎಂದು ಸ್ಪಷ್ಟಪಡಿಸಬೇಕು; ಶಾಲೆ, ಗ್ರಂಥಾಲಯಗಳು ಕೇಳಿದಾಗ ಸ್ಥಿರ ಐಪಿ ವಿಳಾಸವನ್ನು ಹೆಚ್ಚಿನ ದರವಿಲ್ಲದೆ ಕೊಡಬೇಕು. ಮನವಿಗೆ ಅಳತೆಗಳ ಆಧಾರ ಬೇಕು. ಬೇರೆಬೇರೆ ತಾಲ್ಲೂಕಿನವರು ಒಂದೇ ರೀತಿಯಲ್ಲಿ ಅಳೆಯುವುದು ಹೇಗೆಂದು ತಂತಿಕೆಲಸದವರು ತಿಳಿಸುವಿರಾ?

ತಂತಿಕೆಲಸ, ಹುಬ್ಬಳ್ಳಿ

ವೈಫೈ ಮೂಲಕ ಅಳೆಯಬೇಡಿ, ಗೋಡೆಯದ್ದೇ ತಪ್ಪು ಎಂದು ಕಂಪನಿ ಹೇಳಿಬಿಡುತ್ತದೆ. ಮೋಡೆಮ್ಮಿನಿಂದ ಕಂಪ್ಯೂಟರಿಗೆ ತಂತಿ ಹಾಕಿ, ಮನೆಯ ಬೇರೆ ಸಾಧನಗಳನ್ನು ಬಂದ್ ಮಾಡಿ, ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತಕ್ಕೆ ಅಳೆಯಿರಿ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಸಂದೇಶ ಹೋಗಿ ಮರಳಲು ಹಿಡಿಯುವ ಕಾಲ) ಮೂರನ್ನೂ ದಿನಾಂಕ ಸಹಿತ ಬರೆದಿಡಿ, ಸಂಪರ್ಕ ಕಡಿದ ಹೊತ್ತನ್ನೂ ಬರೆಯಿರಿ. ಮೊಬೈಲಿಗೆ ಟ್ರಾಯ್‌ನದ್ದೇ ಮೈಸ್ಪೀಡ್ ಆ್ಯಪ್ ಇದೆ, ಅದರ ಫಲಿತಾಂಶ ನೇರವಾಗಿ ಅವರಿಗೆ ಹೋಗುತ್ತದೆ, ಮನೆಯ ಒಳಗೂ ಅಂಗಳದಲ್ಲೂ ಎರಡೂ ಕಡೆ ನೋಡಿ. ಎಲ್ಲ ತಾಲ್ಲೂಕಿನವರಿಗೂ ಒಂದೇ ನಮೂನೆಯ ಕೋಷ್ಟಕವನ್ನು ನಾನು ಸಿದ್ಧಪಡಿಸಿ ಭಾನುವಾರ ಹಾಕುತ್ತೇನೆ. ಅದರಲ್ಲಿ ಮನೆಯ ವಿಳಾಸದ ಬದಲು ಪಂಚಾಯಿತಿಯ ಹೆಸರನ್ನಷ್ಟೇ ಬರೆಯಿರಿ.